ಮೂರನೆಯ ತಿಂಗಳ ದಾನ

ಬೆನೆಟ್,
ನಿನ್ನ ತಂಗಿ ಎಮರೆನ್ಸಿಯಾ ಹನ್ನೊಂದಕ್ಕೇ ಬಡಿಸಿದಳು.
ಹೊತ್ತು ನೆತ್ತಿ ದಾಟಿದರೆ ಭಿಕ್ಷು ಉಣ್ಣನೆಂದು
ನೀನು ಕಲಿಸಿದ್ದನ್ನು ಮರೆತಿಲ್ಲ ಅವಳು.
ಕೆಂಪಕ್ಕಿಯ ಅನ್ನ, ಹಲಸಿನ ಗುಜ್ಜೆಯ ಪಲ್ಯ.
ಬೆಸ್ತರ ಈ ಬೀದಿಯಲ್ಲಿ
ಇವತ್ತು ಮೀನಿಲ್ಲದ್ದು ಇದೊಂದೇ ಒಲೆ.
ಬಟ್ಟಲಿಗೆ ಬಿದ್ದರೆ ತಿನ್ನುತ್ತಿದ್ದೆ ಎಂದು
ನಾನೂ ಬಾಯಿಬಿಡಲಿಲ್ಲ.

ಹಲಾವತದ ಹಿನ್ನೀರು
ಕಿಟಕಿಯಿಂದ ಬಿಸಿಲು ಎರಚುತ್ತಿದೆ ಮಾಡಿಗೆ.
ನಿನ್ನ ಕುರ್ಚಿ ಗೋಡೆಯ ಕಡೆ ತಿರುಗಿದೆ.

ಒಮ್ಮೆ ಸಭೆಯಲ್ಲಿ
ಎಲ್ಲ ಹೊಳೆಗಳೂ ಒಂದೇ ಕಡಲಿಗೆ ಅಂದೆ ನಾನು.
ಭರ್ಜರಿ ಚಪ್ಪಾಳೆ. ನೀನು ತಟ್ಟಲಿಲ್ಲ.
ದಾರಿಯಲ್ಲಿ ಸೈಕಲ್ ತಳ್ಳುತ್ತ ಹೇಳಿದೆ:
"ವಿಪುಲಸಾರ, ಅದು ಸೋಮಾರಿಯ ಮಾತು.
ನನಗೆ ದೇವರಿದ್ದಾನೆ, ನಿನಗಿಲ್ಲ.
ಇಷ್ಟು ದೊಡ್ಡದನ್ನು ಕಂಬಳಿಯಡಿ ಮುಚ್ಚಿ
ಅಣ್ಣ ತಮ್ಮ ಅಂದುಕೊಂಡರೆ
ಇಬ್ಬರಿಗೂ ಕಿವಿ ಇರಲಿಲ್ಲ ಅಂತ ಅರ್ಥ.
ಒಂದೇ ಅನ್ನಬೇಡ.
ಎರಡು ಅನ್ನು.
ಅಂದ ಮೇಲೂ ಚಹಾಕ್ಕೆ ಬಾ."

ಬಂದೆ. ಗುರುವಾರ, ಗುರುವಾರ.
ಸಂಜೆ ನನಗೆ ಸಲ್ಲುವುದು ಹಾಲಿಲ್ಲದ ಚಹಾ,
ಬಗನಿ ಬೆಲ್ಲದ ಒಂದು ಚೂರು.
ನೀನು ಕೇಳುವೆ: ಆತ್ಮವೇ ಇಲ್ಲದಿದ್ದರೆ
ಬೆಲ್ಲ ಸಿಹಿಯಾದದ್ದು ಯಾರಿಗಯ್ಯಾ?
ನಗುವೆ ನಾನು, ಉತ್ತರ ಗೊತ್ತಿರುವವನ ನಗೆ.
ಒಂದು ಸಂಜೆ, ಸೇಡಿಗೆಂಬಂತೆ, ಕೇಳಿದೆ:
ಶಿಲುಬೆಯಿಂದ ಹೊರಟ ಆ ಕೊನೆಯ ಕೂಗಿಗೆ
ಮೇಲಿನಿಂದ ಮಾರುತ್ತರ ಬಂತೇ?
ನೀನು ಬಹಳ ಹೊತ್ತು ಚಮಚ ತಿರುಗಿಸಿದೆ,
ಸಕ್ಕರೆ ಹಾಕಿರಲಿಲ್ಲ.
"ಇಲ್ಲ" ಅಂದೆ.
"ಆ ಇಲ್ಲದ ಪಕ್ಕ ಓಡಿಹೋಗದೆ ಹೇಗೆ ಕೂರುವುದೆಂದು
ನಿಮ್ಮವರನ್ನು ನೋಡಿ ಕಲಿತೆ."

ನಾನು ಕಲಿತದ್ದನ್ನು ನಿನಗೆ ಹೇಳಲೇ ಇಲ್ಲ.
ಕಣ್ಣು ಮುಚ್ಚಿ ಹತ್ತು ದಿಕ್ಕಿಗೂ ಮೈತ್ರಿ ಹರಡುತ್ತಿದ್ದ ನನ್ನನ್ನು
ಎಬ್ಬಿಸಿ, ಆ ರಾತ್ರಿ, ಕ್ಯಾರಿಯರ್ ಮೇಲೆ ಕೂರಿಸಿಕೊಂಡು
ದೋಣಿಯೊಂದಿಗೆ ಮಗ ಮುಳುಗಿದ ಮನೆಗೆ ಒಯ್ದೆ.
ಲಾಟೀನು ಹಿಡಿ ಅಂದೆ, ಅಷ್ಟೆ.
ಬೆಳಗಿನ ತನಕ ಹಿಡಿದೆ.
ಕೈ ಸೋತಿತು.
ಕರುಣೆಗೆ ತೋಳಿದೆ, ತೋಳಿಗೆ ನೋವಿದೆ
ಎಂದು ಆವರೆಗೆ ಯಾವ ಪಾಠವೂ ಹೇಳಿರಲಿಲ್ಲ ನನಗೆ.

ನಮ್ಮ ಧ್ವನಿವರ್ಧಕ, ನಿಮ್ಮ ಧ್ವನಿವರ್ಧಕ
ರಿಪೇರಿಗೆ ಹೋಗುತ್ತಿದ್ದದ್ದು ರಝೀನನ ಒಂದೇ ಅಂಗಡಿಗೆ.
ಸಂವಾದ ಸಂವಾದ ಅಂತೀರಲ್ಲ, ಅನ್ನುತ್ತಿದ್ದ ಅವನು,
ಎರಡೂ ಕಡೆಯವರು ಬಾಕಿ ಉಳಿಸಿಕೊಳ್ಳುವುದರಲ್ಲಿ
ಒಮ್ಮತಕ್ಕೆ ಬಂದಿದ್ದೀರಿ.
ನೀನು ಸತ್ತ ವಾರ ಲೆಕ್ಕ ತೀರಿಸಿದೆ, ಬೆನೆಟ್. ನಿನ್ನದನ್ನೂ.

ಆಸ್ಪತ್ರೆಯಲ್ಲಿ, ಮೂಗಿನ ನಳಿಗೆ ಸರಿಸಿ,
"ಪುಣ್ಯ ಕಳಿಸಬೇಡ ನನಗೆ" ಅಂದಿದ್ದೆ.
"ಗಳಿಸದೆ ಸಿಗುವುದನ್ನು ನಂಬಿ ಬದುಕಿದವನು.
ನೀರು ಮಾತ್ರ ಎರೆಯಿರಿ. ಅದರ ಸದ್ದು ನನಗಿಷ್ಟ."

ಊಟವಾಯಿತು. ತಟ್ಟೆಯಲ್ಲಿ ಬಟ್ಟಲಿಟ್ಟಳು.
ಗಾಥೆ ನನ್ನದು, ಹೂಜಿ ಅವಳದು.
ನಿನ್ನ ಕಡೆಯವರು ಬೇರೆ ಯಾರೂ ಬರಲಿಲ್ಲ.
ಬಲಗೈ ಹಣೆ, ಎದೆ, ಭುಜ ಮುಟ್ಟುತ್ತಿರಲು
ಎಡಗೈಯೊಂದೇ ಎರೆಯಿತು.
ಬಟ್ಟಲು ತುಂಬಿತು, ತಟ್ಟೆ ತುಂಬಿತು,
ನಿಲ್ಲಿಸಲು ಅವಳಿಗೆ ತಿಳಿಯಲಿಲ್ಲ,
ನಿಲ್ಲಿಸೆನ್ನಲು ನನ್ನ ಬಾಯಿಗೆ ಬಿಡುವಿಲ್ಲ.
ಮೇಜಿನಂಚು ದಾಟಿ ನೆಲಕ್ಕಿಳಿದ ನೀರು
ಮೆಲ್ಲನೆ ಹರಿದು
ನಿನ್ನ ಕುರ್ಚಿಯ ಕಾಲಲ್ಲಿ ನಿಂತಿತು.

ಅದಕ್ಕೆ ಅರ್ಥ ಹಚ್ಚುವುದಿಲ್ಲ ನಾನು.
ನೆಲ ಆ ಕಡೆ ಓರೆ.
ಅವಳು ಕಂಡದ್ದು ಬೇರೆಯೇ,
ಮುಖದಲ್ಲಿತ್ತು.

ಒರೆಸುವ ಬಟ್ಟೆ ತಂದಳು, ಒರೆಸಲಿಲ್ಲ.
"ಭಂತೇ," ಅಂದಳು,
"ಗುರುವಾರ ಚಹಾಕ್ಕೆ ಬರುತ್ತೀರಲ್ಲ?"